ಹನ್ನೊಂದನೆಯ ಹೆಸರು

ಕೋಟಿನಿಂದ ಡಾಂಬರು ಗುಳಿಗೆಯ ವಾಸನೆ ಇನ್ನೂ ಹೋಗಿಲ್ಲ. ಬೀದರಿನ ಮೈದಾನದಲ್ಲಿ ಟಾಸಿಗೆ ಒಂದು ಗಂಟೆ ಇದೆ. ಜಿಲ್ಲಾ ತಂಡದ ಮ್ಯಾನೇಜರನಾಗಿ ಇದು ನನ್ನ ಮೊದಲ ಪಂದ್ಯ. ನೀರಿನ ಕ್ಯಾನುಗಳನ್ನು ಮೂರು ಸಲ ಎಣಿಸಿದ್ದೇನೆ. ಚೆಂಡಿನ ಡಬ್ಬಿ ತೆರೆದು, ಚೆಂಡು ಒಳಗೇ ಇದೆಯೆಂದು ಖಾತ್ರಿ ಮಾಡಿಕೊಂಡಿದ್ದೇನೆ. ನಗಬೇಡಿ. ಆಟಗಾರರ ಪಟ್ಟಿ ಜೇಬಿನಲ್ಲಿದೆ. ಅದನ್ನು ತೆಗೆಯಲು ಮಾತ್ರ ಕೈ ಬರುತ್ತಿಲ್ಲ.

ಕೋಟು ಕಾಂಬಳೆ ಸರ್ ಅವರದು. ಭಾಲ್ಕಿಯಲ್ಲಿ ಪಿ.ಟಿ. ಮಾಸ್ತರರಾಗಿದ್ದವರು; ಜಿಲ್ಲೆ, ರಾಜ್ಯ ದಾಟಿ, ದೇಶದ ತಂಡದ ಮ್ಯಾನೇಜರಾಗಿ ಒಮ್ಮೆ ವಿದೇಶಕ್ಕೂ ಹೋಗಿಬಂದರು. ಕೋಟು ಕೊಡುವಾಗ ಎದೆಯ ಮೇಲಿದ್ದ ದೇಶದ ಲಾಂಛನ ಬಿಚ್ಚಿಕೊಂಡರು. "ಇದು ನಿಂದಲ್ಲ" ಎಂದರು. ದಾರದ ಗುರುತು ಉಳಿದಿದೆ.

ಅವರು ಆಟ ನೋಡಿದ್ದನ್ನು ನಾನು ಕಂಡಿಲ್ಲ. ಮೈದಾನಕ್ಕೆ ಬೆನ್ನು ಹಾಕಿ ಕೂತು ಪ್ಯಾಡು, ಗ್ಲೌಸು, ಊಟದ ಡಬ್ಬಿ ಎಣಿಸುತ್ತಿದ್ದರು. ಬ್ಯಾಟು ಹಿಡಿಯಲು ಬಾರದ ನನ್ನನ್ನು ಸಹಾಯಕನಾಗಿ ಆರಿಸಿದ್ದೂ ಅವರೇ. "ನಿನಗ ಚಿಂತಿ ಮಾಡ್ಲಿಕ್ಕ ಛಲೋ ಬರ್ತದ. ಈ ಕೆಲಸಕ್ಕ ಅದೇ ಬೇಕು." ಯಾವ ಕಾಗದವಾದರೂ ಬರೆದವನ ಹೆಸರು ಕೊನೆಗೆ ಇರಬೇಕೆಂಬುದು ಅವರ ಕಟ್ಟಳೆ.

ವಿದೇಶದಿಂದ ಬಂದ ಮೇಲೂ ಅವರು ಭಾಲ್ಕಿ ತಂಡವನ್ನು ಬಿಟ್ಟಿರಲಿಲ್ಲ. ಆ ವರ್ಷ ಔರಾದಿನಲ್ಲಿ ಪಂದ್ಯ. ನಮ್ಮ ತಂಡದ ಭಾತಂಬ್ರಾ ಹುಡುಗ ರಫೀಕನ ಸ್ಪಿನ್ ನೋಡಲೆಂದೇ ರಾಜ್ಯದ ಆಯ್ಕೆದಾರರು ಬಂದಿದ್ದರು. ಪಟ್ಟಿ ಬರೆದವನು ನಾನು. ಊಟ ಸಾಲುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಹತ್ತು ಹೆಸರು ಬರೆದು, ರೂಢಿಯಂತೆ ಕೊನೆಗೆ ನನ್ನದನ್ನು ಬರೆದೆ. ಎಣಿಸಿದೆ, ಹನ್ನೊಂದು. ಸರ್ ಸಹಿ ಹಾಕಿದರು. ಟಾಸ್ ಆದ ಮೇಲೆ ಅಂಪೈರ್ ಓದಿದಾಗ ರಫೀಕ ಇರಲಿಲ್ಲ, ನಾನಿದ್ದೆ.

ಸರ್ ಔರಾದಿನ ಕ್ಯಾಪ್ಟನ್ ಬಳಿ ಹೋಗಿ, ಹೆಸರು ಬದಲಿಸಲು ಒಪ್ಪುತ್ತೀರಾ ಎಂದು ಕೇಳಿದರು.

"ಪಟ್ಟಿ ಕೊಟ್ಟ ಮ್ಯಾಲ ಬದಲಿ ಇಲ್ಲರಿ ಸರ್. ನೀವೇ ನಮಗ ಕಲಿಸೀರಿ."

"ಖರೇ ಅದ" ಎಂದು ಸರ್ ತಿರುಗಿ ಬಂದರು.

ರಫೀಕ ನೀರು ಹೊತ್ತ. ನಾನು ಅವನದೇ ಪ್ಯಾಡು ಕಟ್ಟಿಕೊಂಡು ಹೋಗಿ ಮೊದಲ ಚೆಂಡಿಗೇ ಔಟಾದೆ. ಅವನು ನೀರಿನ ಲೋಟ ಮುಂದೆ ಹಿಡಿದ, ಬೈದಿದ್ದರೆ ಹಗುರಾಗುತ್ತಿತ್ತು.

ಸಂಜೆ ಸರ್ ಮ್ಯಾನೇಜರ್ ವರದಿ ಬರೆದರು: ರಫೀಕ್ ಆಡದಿದ್ದಕ್ಕೆ ಮ್ಯಾನೇಜರೇ ಕಾರಣ, ಪಟ್ಟಿ ಓದದೆ ಸಹಿ ಹಾಕಿದ್ದಾನೆ.

"ಸರ್, ತಪ್ಪು ನಂದು ಅದರಿ. ನನ್ನ ಹೆಸರು ಬರೀರಿ."

"ಬರದಾಂವ ನೀನು, ಓದಬೇಕಾದಾಂವ ನಾನು. ವಿಮಾನ ಹತ್ತಿ ಇಳದ ಮ್ಯಾಲ ನನ್ನ ಚಿಂತಿ ಹೋಗಿಬಿಟ್ಟಿತ್ತು ನೋಡು."

ಕೆಳಗೆ ತಮ್ಮ ಹೆಸರು ಬರೆದರು. ಆ ವರದಿಯಿಂದಾಗಿ ಆಯ್ಕೆದಾರರು ರಫೀಕನನ್ನು ಮತ್ತೊಮ್ಮೆ ಕರೆಸಿದರು. ಅವನು ರಾಜ್ಯಕ್ಕೆ ಆಡಿದ. ಮುಂದಿನ ವಿದೇಶ ಪ್ರವಾಸಕ್ಕೆ ಮಾತ್ರ ಸರ್ ಅವರನ್ನು ಕರೆಯಲಿಲ್ಲ. ಅದೇ ವರದಿಯನ್ನು ಯಾರೋ ಎತ್ತಿ ತೋರಿಸಿದರಂತೆ.

ಈಗ ನಮ್ಮ ತಂಡದ ಕೋಚ್ ರಫೀಕನೇ. ತಲೆ ನರೆತಿದೆ, ನಾಲಿಗೆ ಮಾತ್ರ ಹರಿತ.

"ಏನ್ ಭಾಯ್, ಇವತ್ತೂ ನೀನೇ ಆಡ್ತಿ ಏನು?"

ಪಟ್ಟಿ ಹೊರಗೆ ತೆಗೆದೆ. "ಕೂಡು. ನಾ ಓದ್ತೇನಿ, ನೀ ಎಣಿಸು."

ಒಂದೊಂದೇ ಹೆಸರು ಓದಿದೆ. ಅವನು ಬೆರಳು ಮಡಚಿದ. ಹನ್ನೊಂದು.

"ಬರದಾವ್ರ ಹೆಸರು ಎಲ್ಲದ?"

ಕಾಗದ ತಿರುವಿ ತೋರಿಸಿದೆ. ಹಿಂಭಾಗದಲ್ಲಿ ಬರೆದಿದ್ದೆ. ಅವನು ನಕ್ಕ. ನಾನು ಸಹಿ ಹಾಕಲು ಪೆನ್ನು ತೆಗೆದೆ. "ತಡಿ," ಎಂದೆ, "ಇನ್ನೊಂದು ಸಲ ಓದ್ತೇನಿ."