ಕಾಕಾನ ತೊಡೆಯ ಸದ್ದು

ಬಬಲೇಶ್ವರದ ನಾಟಕದಲ್ಲಿ ಅಪ್ಪ ಖಳನಾಯಕ, ಕಾಕಾ ಪರದೆಯ ಹಿಂದೆ, ನಾನು ಮತ್ತು ಅವ್ವ ಮುಂದಿನ ಚಾಪೆಯ ಮೇಲೆ. ನಾಯಕನ ಕೈ ಅಪ್ಪನ ಕೆನ್ನೆಯ ಬಳಿ ಸುಳಿದೊಡನೆ ಕಾಕಾ ತನ್ನ ತೊಡೆಗೆ ಬಾರಿಸಿಕೊಳ್ಳುತ್ತಿದ್ದ. ಆ ಸದ್ದಿಗೇ ಜನ ಎದ್ದು ನಿಲ್ಲುತ್ತಿದ್ದರು. ವಿಜಾಪುರದ ಟಾಕೀಜಿನಲ್ಲಿ ಹೊಡೆದಾಟ ಬಂದಾಗ ಕಣ್ಣು ಮುಚ್ಚಿ, ಕೇಳಿ ಕಲಿತದ್ದು ಅದು.

“ಬರೇ ಕೈ ಬೀಸಿದ್ರ ಯಾರ್ ನಂಬತಾರ? ಪೆಟ್ಟು ಕಿವಿಗಿ ಬೀಳಬೇಕು,” ಎನ್ನುತ್ತಿದ್ದ.

“ತೊಡಿ ಬದನಿಕಾಯಿ ಆಗೇತಲ್ಲೋ ಯಪ್ಪಾ,” ಎಂದು ಅವ್ವ ಎಣ್ಣೆ ಕೊಡುತ್ತಿದ್ದಳು.

“ಅಣ್ಣಗ ಬೀಳೂದಕ್ಕಿಂತ ಛಲೋ ಅಲ್ಲೇನ್ರಿ ವೈನಿ?”

ಮರುವರ್ಷ ಕಾಕಾ ಜ್ವರದಿಂದ ತೀರಿಕೊಂಡ. ಅವನ ಜಾಗದಲ್ಲಿ ಬೇರೊಬ್ಬನನ್ನು ನಿಲ್ಲಿಸಲು ಅಪ್ಪ ಒಪ್ಪಲಿಲ್ಲ. ಮಮದಾಪುರದ ಆಟದಲ್ಲಿ ನಾಯಕ ಕೈ ಬೀಸಿದ, ಸದ್ದು ಬರಲಿಲ್ಲ. ಜನ ನಕ್ಕರು. ಅಪ್ಪ ಕೆನ್ನೆಯೊಡ್ಡಿ, ನಮಗೂ ಕೇಳುವಂತೆ, “ಖರೇನ ಹೊಡಿ ಲೇ,” ಎಂದ.

ಅವನು ಹೊಡೆದ.