ಕಾಯಿ ಒಡೆದ ಹಲಗೆ

ಬಹ್ರೈನಿನಲ್ಲಿ ಕಟ್ಟಡಗಳಿಗೆ ನೀರು ಸೋರದ ರಬ್ಬರ್ ಶೀಟ್ ಹಾಸಿ ಬಂದಿದ್ದ ಕಮಲಾಕ್ಷ, ೧೯೮೪ರಲ್ಲಿ ವಿಟ್ಲದ ಸುಧಾಕರ ಶೆಟ್ಟರ ಹೋಟೆಲಿನ ಚಾವಣಿಗೆ ಶೀಟ್ ಹಾಸುವ ಕೆಲಸ ಹಿಡಿದ. ಇಳಿಜಾರು ಕಡಿಮೆಯಿದ್ದ ಮಾಡು. ಅದರ ಮೇಲೇ ಬಾಗಿದ ತೆಂಗಿನಮರ. ಶೀಟಿನಡಿಗೆ ಯಾವ ಹಲಗೆ ಹಾಕಿದರೆ ಬೀಳುವ ಕಾಯಿಯ ಪೆಟ್ಟು ತಡೆದೀತು ಎಂಬ ಕುತೂಹಲ ಅವನಿಗೆ. ಪ್ಲೈವುಡ್, ನಾರಿನ ಹಲಗೆ, ಸಿಮೆಂಟ್ ಬೋರ್ಡ್ ಮೂರನ್ನೂ ಎರಡು ದಿನ ನೆನೆಸಿ ಅಂಗಳದಲ್ಲಿ ಹಾಸಿದ. ಏಣಿ ಹತ್ತಿ ಒಂದೊಂದರ ಮೇಲೂ ಸುಲಿದ ಕಾಯಿ ಬಿಟ್ಟ. ಪ್ಲೈವುಡ್ ಪದರ ಬಿಟ್ಟಿತು, ನಾರಿನ ಹಲಗೆ ಕುಸಿಯಿತು. ಸಿಮೆಂಟ್ ಬೋರ್ಡಿನ ಮೇಲೆ ಕಾಯಿಯೇ ಎರಡು ಹೋಳಾಯಿತು.

ಆಗಷ್ಟೇ ಬಂದ ಶೆಟ್ಟರು ಚಪ್ಪಲಿ ಕಳಚಿ ಕೈಮುಗಿದರು. "ಮುಹೂರ್ತಕ್ಕೆ ನನ್ನನ್ನು ಕರೆಯುವುದಲ್ವಾ ಮಾರಾಯ?"

"ಮುಹೂರ್ತ ಅಲ್ಲ ಶೆಟ್ರೇ, ಹಲಗೆಯ ಪರೀಕ್ಷೆ."

ಶೆಟ್ಟರು ಹೋಳುಗಳನ್ನು ಜೋಡಿಸಿ ನೋಡಿದರು. "ಕಾಯಿ ಸಮ ಒಡೆದದ್ದು ಇದರಲ್ಲಲ್ವಾ? ಇದನ್ನೇ ಹಾಕುವ."

ಕಮಲಾಕ್ಷ ಏಣಿಯಿಂದಿಳಿದು ತಾನೂ ಕೈಮುಗಿದ.