ಸರ್ ನನ್ನ ಹಿಂದೆ ನಡೆಯುತ್ತಿದ್ದರು

ಹೊಸದಾಗಿ ಸಂಶೋಧನೆಗೆ ಇಳಿದವರಿಗೆ ಮಾರ್ಗದರ್ಶನ ಮಾಡುವುದು ಹೇಗೆಂದು ಕಲಿಸಲು ವಿಶ್ವವಿದ್ಯಾಲಯದವರು ನಮ್ಮನ್ನೆಲ್ಲ ಒಂದು ವಾರ ಕೂಡಿಹಾಕಿದ್ದರು. ಎರಡು ಸಾವಿರದ ಇಸವಿಯ ಈಚಿನ ಮಾತು. ಚಿತ್ತಾಪುರದಿಂದ ದಿನಾ ರೈಲು ಹಿಡಿದು ಹೋಗುತ್ತಿದ್ದೆ, ಗೊಣಗುತ್ತಲೇ. ಪಾಠ ಹೇಳಿ ಹೇಳಿ ಕೂದಲು ಹಣ್ಣಾದವರಿಗೆ ಮತ್ತೇನು ಕಲಿಸುತ್ತಾರಂತೆ? ಆದರೆ ಒಳಗೊಂದು ಕಳವಳವಿತ್ತು. ನನ್ನ ಕೈಕೆಳಗಿನ ಮೊದಲ ಸಂಶೋಧಕಿ, ತೆಂಗಳಿಯ ಹುಡುಗಿ, ಹಿಂದಿನ ವಾರವಷ್ಟೇ ಬಂದು, "ಬಿಟ್ಟುಬಿಡ್ತೀನ್ರಿ ಮೇಡಂ. ನನ್ನ ಕಡೆ ಹೇಳಲಿಕ್ಕ ಏನೂ ಇಲ್ರಿ" ಅಂದಿದ್ದಳು. ಭೀಮಾ ದಂಡೆಯ ಹಳೆಯ ಊರುಗಳ ಇತಿಹಾಸ ಅವಳ ವಿಷಯ. ಭಾಳ ಚುರುಕು ಕಣ್ಣಿನವಳು. ಅವಳನ್ನು ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ.

ತರಬೇತಿಯಲ್ಲಿ ಒಂದು ದಿನ ಇಬ್ಬಿಬ್ಬರನ್ನು ಜೋಡಿ ಮಾಡಿದರು. ಒಬ್ಬರು ವಿದ್ಯಾರ್ಥಿಯಾಗಿ ತೊಡಕು ಹೇಳಬೇಕು, ಇನ್ನೊಬ್ಬರು ಬಾಯಿ ಬಿಡದೆ ಕೇಳಬೇಕು. ನನ್ನ ಪಾಲಿಗೆ ಬಂದವರು ಸೇಡಂ ಕಡೆಯ ಹಿರಿಯ ಪ್ರಾಧ್ಯಾಪಕರು. "ಸರ್, ನನಗ ಧೈರ್ಯ ಸಾಲವಲ್ದು" ಅನ್ನುವಷ್ಟರಲ್ಲೇ ಅವರು, "ಮೊದಲ ನಾ ಹೇಳಿದ್ದು ಬರ್ಕೋರಿ" ಎಂದು ಶುರು ಹಚ್ಚಿಕೊಂಡರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುನಗುತ್ತಲೇ ಕಣ್ಣು ತುಂಬಿತು. ನನ್ನ ಪಿಎಚ್‌ಡಿ ಗೈಡ್ ನೆನಪಾಗಿದ್ದರು.

ತೊಂಬತ್ತರ ದಶಕದಲ್ಲಿ ಆ ಸರ್ ಶಹಾಬಾದಿನಿಂದ, ನಾನು ಚಿತ್ತಾಪುರದಿಂದ ಬಂದು ವಾಡಿ ಜಂಕ್ಷನ್ನಿನಲ್ಲಿ ಕೂಡುತ್ತಿದ್ದೆವು. ಅಲ್ಲೊಂದು ಚಹಾ, ಆಮೇಲೆ ಬಸ್ಸಿನಲ್ಲಿ ಭೀಮಾ ದಂಡೆಯ ಸನ್ನತಿ, ಹಳೆಯ ಬೌದ್ಧ ಸ್ತೂಪದ ಊರು. ನಮ್ಮ ಕಡೆ ದೊಡ್ಡವರು ಮುಂದೆ, ಚೀಲ ಹೊತ್ತ ಶಿಷ್ಯರು ಹಿಂದೆ. ಸರ್ ಮಾತ್ರ, "ನೀ ಮುಂದ ನಡಿಯವ್ವ. ನನಗೇನ್ ಗೊತ್ತದ, ನೀನೇ ತೋರ್ಸು" ಅನ್ನುತ್ತಿದ್ದರು. ನಾನು ದಾರಿ ತಪ್ಪಿ ಜಾಲಿ ಮುಳ್ಳಿನೊಳಗೆ ನುಗ್ಗಿದರೂ ಸುಮ್ಮನೆ ಬರುತ್ತಿದ್ದರು. ಅವರ ಚಪ್ಪಲಿಯ ಸಪ್ಪಳ ಬೆನ್ನಿಗಿದ್ದರೆ ನನಗೆ ಆನೆಬಲ. ನಿಂತು ಏನಾದರೂ ಹೇಳಿದರೆ, "ಹೌದೇನು? ಮತ್ತ?" ಅಷ್ಟೇ. ಆ "ಮತ್ತ?" ಅನ್ನುವ ಒಂದು ಮಾತಿಗಾಗಿ ಜೀವ ಇವತ್ತಿಗೂ ಹಂಬಲಿಸುತ್ತದೆ. ನನ್ನ ಪಿಎಚ್‌ಡಿ ಮುಗಿದ ಮರುವರ್ಷ ಅವರು ತೀರಿಕೊಂಡರು. ಈ ತೆಂಗಳಿ ಹುಡುಗಿಯನ್ನು ಹೇಗೆ ಉಳಿಸಿಕೊಳ್ಳಲಿ ಸರ್, ಎಂದು ಕೇಳೋಣವೆಂದರೆ ಅವರಿಲ್ಲ.

ತರಬೇತಿ ಮುಗಿದ ಭಾನುವಾರ ಅವಳನ್ನು ಸನ್ನತಿಗೆ ಕರೆದೊಯ್ದೆ. ಬಸ್ಸಿಳಿದವಳೇ ರೂಢಿಯಂತೆ ನನ್ನ ಹಿಂದೆ ಸರಿದಳು.

"ನೀ ಮುಂದ ನಡಿಯವ್ವ."

"ನನಗ ದಾರಿ ಗೊತ್ತಿಲ್ರಿ ಮೇಡಂ."

"ನಡಿ, ನಾ ಬರಲಿಕತ್ತೀನಿ."

ಅನುಮಾನಿಸುತ್ತಲೇ ನಡೆದಳು, ತಪ್ಪು ಕಡೆಗೇ ತಿರುಗಿದಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಎಷ್ಟು ಕಷ್ಟದ ಕೆಲಸವಪ್ಪ ಅದು! ಒಂದು ಹೊಲದ ಬದುವಿನಲ್ಲಿ ಕೆತ್ತನೆಯ ಕಲ್ಲಿನ ತುಂಡು ಬಿದ್ದಿತ್ತು. ಅವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಮೇಡಂ, ಇದು ಇಲ್ಲೀದಲ್ಲ ಅನಸ್ತದ್ರಿ. ಬ್ಯಾರೆ ಕಡೆಯಿಂದ ತಂದು ಹಾಕ್ಯಾರ."

"ಹೌದೇನು? ಮತ್ತ?"

ಅವಳು ಹೇಳುತ್ತಲೇ ಹೋದಳು. ಬಿಸಿಲು ಇಳಿದರೂ ಮಾತು ಮುಗಿಯಲಿಲ್ಲ. ಎದ್ದು ಕೈ ಝಾಡಿಸಿಕೊಂಡು, "ಮುಂದಿನ ವಾರ ಮತ್ತ ಬರೋಣೇನ್ರಿ?" ಎಂದು ಕೇಳಿದಳು.

ಬಸ್ಸಿನ ಕಡೆ ಹೊರಟಾಗ ನಾನು ಹೇಳದೆಯೇ ಅವಳು ಮುಂದಾದಳು. ನಾನು ಹಿಂದೆ ನಡೆದೆ. ನಡುದಾರಿಯಲ್ಲಿ ಒಮ್ಮೆ ನಿಂತು ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.